ಜಾಲತಾಣ ಲಭ್ಯತೆ ಪರೀಕ್ಷೆ

ಒಂದು ಜಾಲತಾಣ ತೆರೆಯುತ್ತಿದೆಯೇ, ಕೇಳಿದ ಪುಟವನ್ನು ಎಷ್ಟು ಹೊತ್ತಿನಲ್ಲಿ ಕೊಡುತ್ತಿದೆ ಎಂಬುದನ್ನು ಹೊರಗಿನಿಂದ ಅಳೆಯುವ ವಿಧಾನ. ಸರ್ಕಾರಿ ಸೇವೆಗಳು ಆನ್‌ಲೈನ್ ಆದಮೇಲೆ ‘ಸರ್ವರ್ ಡೌನ್’ ಎಂಬುದು ಕರ್ನಾಟಕದ ಹಳ್ಳಿಹಳ್ಳಿಗಳಲ್ಲೂ ದಿನಬಳಕೆಯ ಮಾತಾಗಿದೆ. ತೊಡಕು ನಿಜಕ್ಕೂ ಸರ್ವರ್‌ನಲ್ಲಿದೆಯೋ, ದಾರಿಯಲ್ಲಿದೆಯೋ, ಬಳಸುವವರ ಕಡೆ ಇದೆಯೋ ಎಂದು ಬೇರ್ಪಡಿಸುವುದು ಈ ಪರೀಕ್ಷೆಯ ಉದ್ದೇಶ.

ಆರಂಭ
1981ರಲ್ಲಿ ಜಾನ್ ಪೋಸ್ಟೆಲ್ ಪ್ರಕಟಿಸಿದ ಐಸಿಎಂಪಿ ನಿಯಮಾವಳಿಯಲ್ಲಿ, ಒಂದು ಯಂತ್ರ ಕಳಿಸಿದ ಕಿರುಸಂದೇಶವನ್ನು ಇನ್ನೊಂದು ಯಂತ್ರ ಹಾಗೆಯೇ ಹಿಂದಿರುಗಿಸುವ ಏರ್ಪಾಡಿತ್ತು. ಇದನ್ನು ಬಳಸಿಕೊಂಡು 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರ ಮೈಕ್ ಮೂಸ್ ‘ಪಿಂಗ್’ ತಂತ್ರಾಂಶ ಬರೆದರು. ಸಂದೇಶ ಹೋಗಿ ಬಂದ ಸಮಯವನ್ನು ಅದು ಮಿಲಿಸೆಕೆಂಡುಗಳಲ್ಲಿ ತೋರಿಸುತ್ತದೆ. ಕೆಲವೇ ವರ್ಷಗಳಲ್ಲಿ ವ್ಯಾನ್ ಜೇಕಬ್‌ಸನ್ ರೂಪಿಸಿದ ‘ಟ್ರೇಸ್‌ರೂಟ್’, ಸಂದೇಶ ದಾರಿಯಲ್ಲಿ ಎಲ್ಲಿ ನಿಂತಿತೆಂದು ಪತ್ತೆಹಚ್ಚಲು ನೆರವಾಯಿತು. ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲದ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಸಾರ್ವಜನಿಕರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ.

ಯಂತ್ರದಿಂದ ಪುಟಕ್ಕೆ
ಪಿಂಗ್‌ಗೆ ಉತ್ತರ ಬಂದ ಮಾತ್ರಕ್ಕೆ ತಾಣ ಸರಿಯಿದೆ ಎನ್ನಲಾಗದು. ಯಂತ್ರ ಚಾಲೂ ಇದ್ದರೂ ಅದರ ಹಿಂದಿನ ದತ್ತಸಂಚಯ ಸ್ತಬ್ಧವಾಗಿರಬಹುದು. ಹಾಗಾಗಿ ಪರೀಕ್ಷಕರು ಪುಟವನ್ನೇ ಕೇಳಿ, ಬರುವ ಸಂಕೇತ ಸಂಖ್ಯೆಯನ್ನು ನೋಡತೊಡಗಿದರು: 200 ಬಂದರೆ ಕೋರಿಕೆ ಈಡೇರಿದೆ, 503 ಬಂದರೆ ಸೇವೆ ಸದ್ಯಕ್ಕಿಲ್ಲ. 1990ರ ದಶಕದ ನಡುವಿನಿಂದ ಹಲವು ಊರುಗಳಿಂದ ಒಂದೇ ತಾಣವನ್ನು ಅಳೆಯುವ ಕಂಪನಿಗಳೂ ಹುಟ್ಟಿಕೊಂಡವು. ಎಷ್ಟು ತಡವಾದರೆ ಸಹ್ಯ ಎಂಬುದಕ್ಕೆ ಬಳಕೆ-ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿ ಮೂರು ಮಿತಿಗಳನ್ನು ಮುಂದಿಟ್ಟರು. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣ ಬಂದಂತೆ ತೋರುತ್ತದೆ. 1 ಸೆಕೆಂಡಿನವರೆಗೆ ಯೋಚನೆಯ ಓಟ ಕಡಿಯುವುದಿಲ್ಲ. 10 ಸೆಕೆಂಡು ದಾಟಿದರೆ ಗಮನ ಬೇರೆಡೆ ಹರಿಯುತ್ತದೆ.

ಕರ್ನಾಟಕದಲ್ಲಿ
2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ರಾಜ್ಯದ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಹಿರೇಕೆರೂರು ತಾಲ್ಲೂಕಿನ ಅಬಲೂರಿನಂಥ ಊರುಗಳ ರೈತರು ಆಗ ತಾಲ್ಲೂಕು ಕಚೇರಿಯ ಕಿಯಾಸ್ಕ್‌ನಲ್ಲಿ 15 ರೂಪಾಯಿ ಕೊಟ್ಟು ಉತಾರ ಪಡೆಯುತ್ತಿದ್ದರು. ಮುಂದೆ ಸೇವೆಗಳು ಅಂತರಜಾಲಕ್ಕೆ ಬಂದು ಓಡಾಟ ತಪ್ಪಿತು, ಆದರೆ ಒಂದು ಕಡೆ ತಾಣ ನಿಂತರೆ ನಾಡಿನುದ್ದಕ್ಕೂ ಕೆಲಸ ನಿಲ್ಲುವಂತಾಯಿತು. 2023ರ ಜೂನ್‌ನಲ್ಲಿ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯ ನೋಂದಣಿ ಶುರುವಾದಾಗ ‘ಸೇವಾ ಸಿಂಧು’ ತಾಣ ಅರ್ಜಿಗಳ ಒತ್ತಡಕ್ಕೆ ನಿಧಾನವಾಯಿತು. 2025ರ ಆರಂಭದಲ್ಲಿ ‘ಕಾವೇರಿ 2.0’ ಮೇಲೆ ಸುಳ್ಳು ಕೋರಿಕೆಗಳ ದಾಳಿ ನಡೆದು ಆಸ್ತಿ ನೋಂದಣಿಗೆ ಅಡ್ಡಿಯಾಯಿತು.

ಅಳತೆಯ ಅರ್ಥ
ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. 300 ಕಿ.ಮೀ. ಆಚೆಗೆ ಹೋಗಿ ಬರಲು ಅದಕ್ಕೆ ಬೇಕಾದದ್ದು 3 ಮಿಲಿಸೆಕೆಂಡು ಮಾತ್ರ. ಹೀಗಿರುವಾಗ ಬೆಂಗಳೂರಿನ ಸರ್ವರ್‌ನಿಂದ ಅಬಲೂರಿಗೆ ಪುಟವೊಂದು ಬರಲು 20 ಸೆಕೆಂಡು ಹಿಡಿದರೆ ಅದಕ್ಕೆ ದೂರ ಕಾರಣವಲ್ಲ. ಸರ್ವರ್‌ನಲ್ಲಿ ಕೋರಿಕೆಗಳ ಸರದಿ ಬೆಳೆದಿರಬೇಕು, ಇಲ್ಲವೇ ಊರಿನ ಟವರ್ ಅಥವಾ ಕೇಬಲ್ ಸಂಪರ್ಕ ದುರ್ಬಲವಾಗಿರಬೇಕು.

ಶೇಕಡಾ ಲೆಕ್ಕವನ್ನೂ ಎಚ್ಚರದಿಂದ ಓದಬೇಕು. ಶೇ 99 ಲಭ್ಯತೆ ಎಂದರೆ ವರ್ಷಕ್ಕೆ 87 ಗಂಟೆಗೂ ಹೆಚ್ಚು ಸ್ಥಗಿತ. ಅದಷ್ಟೂ ಕಚೇರಿ ವೇಳೆಯಲ್ಲೇ ಬಿದ್ದರೆ ಹತ್ತಕ್ಕೂ ಹೆಚ್ಚು ಕೆಲಸದ ದಿನಗಳು ಕಳೆದುಹೋಗುತ್ತವೆ. ಶೇ 99.9 ಆದರೆ ಸ್ಥಗಿತ 9 ಗಂಟೆಯೊಳಗೆ ಉಳಿಯುತ್ತದೆ. ದತ್ತಾಂಶ ಕೇಂದ್ರದ ಒಳಗೆ ಕುಳಿತು ಅಳೆದರೆ ಹಳ್ಳಿಯ ಕಾಯುವಿಕೆ ಲೆಕ್ಕಕ್ಕೇ ಬರುವುದಿಲ್ಲ. ಅರ್ಜಿ ಹಾಕುವ ಗ್ರಾಮ ಪಂಚಾಯಿತಿಯಿಂದಲೇ, ಕಚೇರಿ ವೇಳೆಯಲ್ಲೇ, ಲಾಗಿನ್‌ನಿಂದ ರಸೀದಿ ಮುದ್ರಣದವರೆಗೆ ಅಳೆದಾಗ ಮಾತ್ರ ಸಾರ್ವಜನಿಕ ಸೇವೆಯೊಂದರ ಲಭ್ಯತೆ ನಿಜವಾಗಿ ತಿಳಿಯುತ್ತದೆ.