ಗೋಡು ಹೊತ್ತು ಮೇಲೇರುತ್ತಿದ್ದ ಗಾಡಿ

ಕೂರ್ಗ್‌ಗೆ ಅಂತ ಮೈಸೂರು ದಾಟಿ ಹೊರಟವರಿಗೆ ಹುಣಸೂರು ಅಂದ್ರೆ ಕಾಫಿಗೆ ನಿಲ್ಲಿಸೋ ಊರು, ಪಿರಿಯಾಪಟ್ಟಣ ಅಂದ್ರೆ ಬೈಲಕುಪ್ಪೆಗೆ ಮುಂಚೆ ಸಿಗೋ ಬೋರ್ಡು. ಮುಂದಿನ ಸಲ ಮೇ ಕೊನೆಯಲ್ಲೋ ಜೂನ್‌ನಲ್ಲೋ ಹೋದರೆ ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ಹೊಳೆಯನ್ನೊಮ್ಮೆ ನೋಡಿ. ಹಿಂದಿನ ದಿನ ಜೋರು ಮಳೆ ಬಿದ್ದಿದ್ದರೆ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿರುತ್ತೆ. ಆ ಕೆಂಪಿನ ಜೊತೆಗೇ, ಕಣ್ಣಿಗೆ ಕಾಣದ ಹಾಗೆ, ರೈತ ದುಡ್ಡು ಕೊಟ್ಟು ತಂದ ರಂಜಕ, ಅಂದರೆ ಫಾಸ್ಫರಸ್, ಹರಿದು ಹೋಗ್ತಿರುತ್ತೆ.

ಈ ರಂಜಕ ಮನುಷ್ಯನ ಕೈಗೆ ಸಿಕ್ಕಿದ್ದೇ ತಮಾಷೆಯ ಕಥೆ. 1669ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿ ಚಿನ್ನದ ಆಸೆಗೆ ಮೂತ್ರವನ್ನು ಕಾಯಿಸಿ ಬತ್ತಿಸಿದ. ಚಿನ್ನ ಬರಲಿಲ್ಲ, ಕತ್ತಲಲ್ಲಿ ಹೊಳೆಯುವ ಒಂದು ವಸ್ತು ಬಂತು. ಮೂಳೆ, ಸಗಣಿ, ಕಾಳು, ಎಲೆ ಎಲ್ಲದರಲ್ಲೂ ಅದು ಇದೆ ಅಂತ ಗೊತ್ತಾಗಿದ್ದು ಆಮೇಲೆ.

ನಮ್ಮ ರೈತರಿಗೆ ಆ ಹೆಸರು ಗೊತ್ತಿರಲಿಲ್ಲ, ಅದನ್ನು ಉಳಿಸಿಕೊಳ್ಳೋದು ಗೊತ್ತಿತ್ತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆ ಸುತ್ತಲು ಹೊರಟ. ಪಿರಿಯಾಪಟ್ಟಣದ ಕಡೆಗೂ ಬಂದಿದ್ದ. ಹೋದ ಕಡೆಯೆಲ್ಲ ಮಣ್ಣು ಯಾವುದು, ಗೊಬ್ಬರ ಯಾವುದು, ಫಸಲು ಎಷ್ಟು ಅಂತ ಕೇಳಿ ಬರೆದುಕೊಂಡ. ಆ ಕಾಲದ ಗೊಬ್ಬರ ಅಂದ್ರೆ ತಿಪ್ಪೆಯದು, ಹೊಲದಲ್ಲಿ ರಾತ್ರಿ ನಿಲ್ಲಿಸಿದ ಕುರಿಮಂದೆಯದು, ಮತ್ತೆ ಕೆರೆಯ ಗೋಡು.

ಈ ಗೋಡಿನ ವಿಚಾರ ಸ್ವಲ್ಪ ನಿಂತು ನೋಡಬೇಕು. ಸಾರಜನಕ ನೀರಲ್ಲಿ ಸುಲಭವಾಗಿ ಕರಗಿ ಕೆಳಗಿಳಿದು ಹೋಗುತ್ತೆ. ರಂಜಕ ಹಾಗಲ್ಲ. ಕೆಂಪು ಮಣ್ಣಿನ ಕಬ್ಬಿಣದ ಅಂಶಕ್ಕೆ, ಜೇಡಿಯ ಕಣಕ್ಕೆ ಅಂಟಿಕೊಂಡು ಕೂರುತ್ತೆ. ಮಣ್ಣು ಎಲ್ಲಿಗೆ ಹೋದರೆ ಅದೂ ಅಲ್ಲಿಗೆ. ಮಳೆ ಹೊಲದ ಮೇಲ್ಮಣ್ಣನ್ನು ಕೊಚ್ಚಿದರೆ ಅದರಲ್ಲಿ ಬಹುಪಾಲು ಊರ ಕೆರೆಯಲ್ಲಿ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಜನ ಆ ಗೋಡನ್ನು ಅಗೆದು, ಎತ್ತಿನ ಗಾಡಿಗೆ ತುಂಬಿ, ವಾಪಸ್ ಹೊಲಕ್ಕೆ ಹೊಡೀತಿದ್ದರು. ಕೆಳಗೆ ಇಳಿದಿದ್ದು ಗಾಡಿಯಲ್ಲಿ ಮೇಲೆ ಹತ್ತುತ್ತಿತ್ತು. ಹುಣಸೂರು ಒಂದು ಕಾಲಕ್ಕೆ ಎತ್ತಿನ ಗಾಡಿಗಳಿಗೇ ಹೆಸರುವಾಸಿಯಾಗಿದ್ದ ಊರು ಅನ್ನೋದನ್ನೂ ನೆನಪಿಡಿ.

ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇರೆ ಲೆಕ್ಕ ಶುರುವಾಯ್ತು. 1842ರಲ್ಲಿ ಜಾನ್ ಲಾಸ್ ಸೂಪರ್ ಫಾಸ್ಫೇಟ್‌ಗೆ ಪೇಟೆಂಟ್ ಪಡೆದ. ಮೂಳೆಯನ್ನೋ ಫಾಸ್ಫೇಟ್ ಕಲ್ಲನ್ನೋ ಗಂಧಕಾಮ್ಲದಲ್ಲಿ ಕರಗಿಸಿದರೆ ಗೊಬ್ಬರ ರೆಡಿ. ಶತಮಾನದ ಕೊನೆಗೆ ಭಾರತದಿಂದಲೂ ಮೂಳೆ ಹಡಗು ಹತ್ತುತ್ತಿತ್ತು. ನಮ್ಮ ದನಗಳ ಮೂಳೆ ಪರದೇಶದ ಹೊಲಕ್ಕೆ! ಈಗ ಗಾಳಿ ತಿರುಗಿದೆ. ಪ್ರಪಂಚದ ಫಾಸ್ಫೇಟ್ ಕಲ್ಲಿನ ನಿಕ್ಷೇಪದಲ್ಲಿ ಸುಮಾರು ಶೇ. 70 ಮೊರೊಕ್ಕೊ ಕಡೆ ಇದೆ, ನಾವು ಕೊಳ್ಳುವವರು.

ಹಸಿರು ಕ್ರಾಂತಿಯ ಜೊತೆ ಚೀಲದ ಗೊಬ್ಬರ ಹಳ್ಳಿಗೆ ಬಂತು. 50 ಕೆಜಿಯ ಒಂದು ಚೀಲ ಡಿಎಪಿಯಲ್ಲಿ ಅಪ್ಪಟ ರಂಜಕ ಸುಮಾರು 10 ಕೆಜಿ. 1976ರಲ್ಲಿ ತಂಬಾಕು ಮಂಡಳಿ ಬಂದ ಮೇಲೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಹೊಗೆಸೊಪ್ಪಿಗೆ ಲೈಸೆನ್ಸು, ಹರಾಜು ಎಲ್ಲ ಕ್ರಮವಾಯ್ತು. ರಾಗಿಯ ಹಾಗೆ ಮನೆಗೆ ಉಳಿಯುವ ಬೆಳೆ ಅಲ್ಲ ಇದು, ಎಲೆಯೆಲ್ಲ ಹರಾಜಿಗೆ ಹೋಗೋದು. ಸಾಲ ಮಾಡಿ ಹಾಕುವ ಬೆಳೆಗೆ ಗೊಬ್ಬರ ಕಮ್ಮಿ ಮಾಡೋ ಧೈರ್ಯ ಯಾರಿಗಿದೆ?

ತೊಂದರೆ ಇರೋದು ಕ್ಯಾಲೆಂಡರಿನಲ್ಲಿ. ಭರಣಿ, ಕೃತ್ತಿಕೆ ಮಳೆಗೆ ಸಸಿ ನೆಡ್ತಾರೆ, ಗೊಬ್ಬರವೂ ಆಗಲೇ ಬೀಳುತ್ತೆ. ನೆಲ ಆಗಷ್ಟೇ ಉತ್ತು ಸಡಿಲವಾಗಿರುತ್ತೆ, ಎಲೆಯ ನೆರಳಿಲ್ಲ, ಬೇರಿನ ಹಿಡಿತವಿಲ್ಲ. ಆ ಹಗುರ ಮಣ್ಣಿನ ಇಳಿಜಾರಿಗೆ ಒಂದು ಗಂಟೆ ಬಿರುಮಳೆ ಬಿದ್ದರೆ ಸಾಕು.

ಹೋದ ಮಣ್ಣು ಎಲ್ಲಿ ನಿಲ್ಲುತ್ತೆ? ಹುಣಸೂರಿನದು ಲಕ್ಷ್ಮಣತೀರ್ಥ ಹಿಡಿದು, ಕೆ.ಆರ್. ನಗರದ ಗದ್ದೆಗಳದು ಕಾವೇರಿ ಹಿಡಿದು ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ. ಕೋಟೆಯದು, 1974ರಲ್ಲಿ ಮುಗಿದ ಕಬಿನಿ ಜಲಾಶಯಕ್ಕೆ. ನನಗೆ ಈ ಚರಿತ್ರೆಯಲ್ಲಿ ದೊಡ್ಡ ತಿರುವು ಅನ್ನಿಸೋದು ಇದೇ. ಊರ ಕೆರೆಗೆ ಗಾಡಿ ಇಳಿಯುತ್ತಿತ್ತು. ದೊಡ್ಡ ಜಲಾಶಯದ ತಳಕ್ಕೆ ಯಾವ ಗಾಡಿ ಇಳಿಯುತ್ತೆ?

ನೀರಿಗೆ ಸೇರಿದ ರಂಜಕ ಸುಮ್ಮನಿರೋದಿಲ್ಲ. 1973ರಲ್ಲಿ ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತವರ ತಂಡ ಒಂದು ಸರೋವರವನ್ನು ಪರದೆ ಕಟ್ಟಿ ಎರಡು ಭಾಗ ಮಾಡಿತು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿದರು. ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಭಾಗ ಪಾಚಿಗಟ್ಟಿ ಹಸಿರಾಯ್ತು. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತೆ, ಮೀನು ಸಾಯುತ್ತೆ, ನೀರು ವಾಸನೆ ಬರುತ್ತೆ.

ಹಾಗಂತ ತಪ್ಪೆಲ್ಲ ರೈತನ ತಲೆಗೆ ಕಟ್ಟೋದು ಅನ್ಯಾಯ. ಪಟ್ಟಣಗಳ ಚರಂಡಿಯೂ ಅದೇ ಹೊಳೆಗೆ ರಂಜಕ ಸೇರಿಸುತ್ತೆ. ಮೇಲಾಗಿ ಹರಿದು ಹೋಗ್ತಿರೋದು ಅವನದೇ ದುಡ್ಡು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ ಕೊಡೋದು, ಚೆಲ್ಲೋ ಬದಲು ಬುಡದಲ್ಲಿ ಮಣ್ಣೊಳಗೆ ಇಡೋದು, ಇಳಿಜಾರಿಗೆ ಅಡ್ಡ ಉಳೋದು, ಬದು ಹಾಕಿ ಹುಲ್ಲು ಬೆಳೆಸೋದು, ಇವೆಲ್ಲ ಗೊತ್ತಿರೋ ದಾರಿಗಳೇ. ಕೆರೆ ಹೂಳೆತ್ತುವಾಗ ಆ ಮಣ್ಣು ಇಟ್ಟಿಗೆ ಗೂಡಿಗೆ ಹೋಗದೆ ಹೊಲಕ್ಕೆ ಹೋಗಬೇಕು, ಅಷ್ಟೇ. ಆದರೆ ಗೋಡು ಹೊಡೆಯೋ ಕೂಲಿ, ಬಾಡಿಗೆಯನ್ನೆಲ್ಲ ಸಣ್ಣ ರೈತನೊಬ್ಬನೇ ಹೊರೋಕಾಗಲ್ಲ.

ಇದು ಅಲ್ಲಿಯವರ ಪಾಡು ಅಂತ ಬೆಂಗಳೂರಿನಲ್ಲಿ ಕೂತು ನಾವು ಹೇಳೋ ಹಾಗಿಲ್ಲ. ಕಾವೇರಿ, ಕಬಿನಿ ತಿರುಮಕೂಡಲಲ್ಲಿ ಕೂಡಿ ಮುಂದೆ ಹರಿದ ಮೇಲೆಯೇ ನಮಗಾಗಿ ನೀರೆತ್ತುವುದು. 1974ರಿಂದ ನಮ್ಮ ನಲ್ಲಿಗೆ ಬರ್ತಿರೋದು ಅದೇ. ಆ ಹೊಲದ ಬದು ಗಟ್ಟಿಯಾಗಿರಲಿ ಅನ್ನೋದಕ್ಕೆ ನಾವೂ ಒಂದಿಷ್ಟು ದುಡ್ಡು ಕೊಡಬೇಕಾದವರೇ.