ಹತ್ತು ಷಿಲ್ಲಿಂಗಿನ ಸಂಬಳ

ಹೊರದೇಶದಲ್ಲಿ ಕೆಲಸ ಸಿಕ್ಕಿತೆಂಬ ಸುದ್ದಿ ಮನೆಗೆ ಬಂದೊಡನೆ ಬಂಧುಬಳಗದವರು ಕೇಳುವ ಮೊದಲ ಪ್ರಶ್ನೆ 'ಸಂಬಳ ಎಷ್ಟು?' ಎಂಬುದು. ಎರಡನೆಯದು, 'ನಮ್ಮ ರೂಪಾಯಿಯಲ್ಲಿ ಅದು ಎಷ್ಟಾಗುತ್ತದೆ?' ಎಂಬುದು. ಅಲ್ಲಿಗೆ ಲೆಕ್ಕ ಮುಗಿಯಿತೆಂದು ಸಿಹಿ ಹಂಚುವವರೇ ಹೆಚ್ಚು. ಆ ದೇಶದಲ್ಲಿ ಬಾಡಿಗೆ ಎಷ್ಟು, ಊಟಕ್ಕೆ ಎಷ್ಟು, ಸಂಬಳ ಕೈಸೇರುವ ಮುನ್ನವೇ ಕಡಿತವಾಗುವುದೆಷ್ಟು, ಹೋಗುವುದಕ್ಕಾಗಿ ಮಾಡಿದ ಸಾಲ ತೀರಲು ಎಷ್ಟು ತಿಂಗಳು ಬೇಕು ಎಂಬ ಪ್ರಶ್ನೆಗಳು ಏಳುವುದು ಸಾಮಾನ್ಯವಾಗಿ ಮೊದಲ ವರ್ಷ ಕಳೆದ ಮೇಲೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ (ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ಬೇರೆಯೇ ಊರು) ಈ ಪ್ರಶ್ನೆಗಳಿಗೆ ವಿಶೇಷ ತೂಕವಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೊರದೇಶವೆಂಬುದು ಈ ಭಾಗದ ಜನರಿಗೆ ನೆರೆಯೂರಿನಷ್ಟು ಹತ್ತಿರವಾದಂತೆ ತೋರುತ್ತದೆ. ಇದೇ ಹೋಬಳಿಯ ಹದಿಮೂರು ಹಳ್ಳಿಗಳ ರೈತರು 1,777 ಎಕರೆ ಭೂಮಿಯ ಸ್ವಾಧೀನವನ್ನು ವಿರೋಧಿಸಿ 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ನೆಲ ಬಿಡುವುದಕ್ಕೆ ಮುಂದಿಟ್ಟ ಹಣದ ಮೊತ್ತ ದೊಡ್ಡದೋ, ನೆಲ ಕೊಡುವ ಅನ್ನ ದೊಡ್ಡದೋ ಎಂದು ಇಷ್ಟು ದೀರ್ಘಕಾಲ ತೂಗಿ ನೋಡಿದ ಜನ ಬೇರೆಡೆ ವಿರಳ. ಹೊರದೇಶದ ಕೆಲಸದ ಪತ್ರಕ್ಕೂ ಇಂತಹುದೇ ತಕ್ಕಡಿ ಬೇಕು. ಆ ತಕ್ಕಡಿಯ ಇತಿಹಾಸ ವಿಮಾನಗಳಿಗಿಂತ ಬಹಳ ಹಳೆಯದು; ಅದು ಹಡಗುಗಳ ಕಾಲದಲ್ಲಿ ಆರಂಭವಾಗುತ್ತದೆ.

1860ರ ನವೆಂಬರ್ 16ರಂದು 'ಟ್ರೂರೋ' ಎಂಬ ಹಡಗು ಮದರಾಸಿನಿಂದ 342 ಜನರನ್ನು ಹೊತ್ತು ದಕ್ಷಿಣ ಆಫ್ರಿಕದ ಡರ್ಬನ್ ಬಂದರನ್ನು ತಲುಪಿತು. ಅವರು ನೆಟಾಲ್ ವಸಾಹತಿನ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೊರಟ ಮೊದಲ ಕೂಲಿಗಳು. 1911ರವರೆಗೆ ಹೀಗೆ 1,52,000ಕ್ಕೂ ಹೆಚ್ಚು ಭಾರತೀಯರು ಅಲ್ಲಿಗೆ ಹೋದರು. ಮೂವರಲ್ಲಿ ಇಬ್ಬರು ಮದರಾಸಿನಲ್ಲಿ ಹಡಗು ಹತ್ತಿದವರು. ಅವರಲ್ಲಿ ತಮಿಳು, ತೆಲುಗು ಸೀಮೆಯವರು ಬಹುಪಾಲು, ಮೈಸೂರು ಸೀಮೆಯವರೂ ಇದ್ದರು. ಮೊದಲ ಹಡಗಿನಲ್ಲಿ ನಮ್ಮ ಕಥೋಲಿಕ ಕುಟುಂಬಗಳೂ ಇದ್ದವು. ಡರ್ಬನ್ನಿನಲ್ಲಿದ್ದ ಫ್ರೆಂಚ್ ಗುರು ಫಾದರ್ ಸಬೋನ್ ಇವರಿಗಾಗಿಯೇ ತಮಿಳು ಕಲಿತರು ಎಂಬುದು ಅಲ್ಲಿನ ಧರ್ಮಸಭೆಯ ಇತಿಹಾಸದ ಒಂದು ಸೊಗಸಾದ ಪುಟ.

ಹೋದವರನ್ನು ದುರಾಸೆಯವರೆಂದು ಕರೆಯುವುದು ಅನ್ಯಾಯ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ಊರಿನಲ್ಲಿ ಕೂಲಿಯೂ ಇಲ್ಲ, ಕಾಳೂ ಇಲ್ಲ ಎನ್ನುವ ಸ್ಥಿತಿಯಲ್ಲಿ ಯಾವ ಸಂಬಳವೂ ದೊಡ್ಡದಾಗಿಯೇ ಕಾಣುತ್ತದೆ.

ಈಗ ಆ ಸಂಬಳವನ್ನು ನೋಡೋಣ. ನೆಟಾಲಿನಲ್ಲಿ ಗಂಡಸಿಗೆ ಮೊದಲ ವರ್ಷ ತಿಂಗಳಿಗೆ ಹತ್ತು ಷಿಲ್ಲಿಂಗ್. ಪ್ರತಿ ವರ್ಷ ಒಂದೊಂದು ಷಿಲ್ಲಿಂಗ್ ಏರಿ ಐದನೆಯ ವರ್ಷಕ್ಕೆ ಹದಿನಾಲ್ಕು. ಹೆಂಗಸಿಗೆ ಅದರ ಅರ್ಧ. ಇದರ ಜೊತೆಗೆ ಇರಲು ಜಾಗ, ಔಷಧೋಪಚಾರ, ಅಕ್ಕಿ, ಬೇಳೆ, ಉಪ್ಪು, ಎಣ್ಣೆ, ಒಣಮೀನಿನ ಪಡಿ. ಆ ಕಾಲದಲ್ಲಿ ಒಂದು ರೂಪಾಯಿಗೆ ಎರಡು ಷಿಲ್ಲಿಂಗ್. ಅಂದರೆ ತಿಂಗಳಿಗೆ ಐದು ರೂಪಾಯಿ. 1834ರಿಂದ ಮಾರಿಷಸ್ಸಿಗೆ ಹೋದವರಿಗೂ ಆರಂಭದಲ್ಲಿ ಇದೇ ಐದು ರೂಪಾಯಿ ಮತ್ತು ಪಡಿ ದೊರೆಯುತ್ತಿತ್ತು. ಕಾಗದದ ಮೇಲೆ ನೋಡಿದರೆ ಇದು ಕೆಟ್ಟ ಕರಾರಲ್ಲ. ಊಟ, ವಸತಿ ಎರಡೂ ಯಜಮಾನನ ಖರ್ಚೆಂದ ಮೇಲೆ ಐದು ರೂಪಾಯಿಯೂ ಉಳಿತಾಯವೇ ಎಂದು ಮದರಾಸಿನ ಏಜೆಂಟನೊಬ್ಬ ವಾದಿಸಿದ್ದರೆ ಅದನ್ನು ಅಲ್ಲಗಳೆಯುವುದು ಕಷ್ಟವಾಗುತ್ತಿತ್ತು.

ವಾಸ್ತವ ತಿಳಿದದ್ದು ಹನ್ನೊಂದು ವರ್ಷಗಳ ನಂತರ. 1871ರಲ್ಲಿ 'ರೆಡ್ ರೈಡಿಂಗ್ ಹುಡ್' ಮತ್ತು 'ಉಮ್ವೋಟಿ' ಎಂಬ ಎರಡು ಹಡಗುಗಳಲ್ಲಿ ಮೊದಲ ತಂಡದವರು ಮದರಾಸಿಗೆ ಮರಳಿದರು. ಇಳಿದವರು ಹೇಳಿದ್ದು ಉಳಿತಾಯದ ಕಥೆಯನ್ನಲ್ಲ. ಕೂಲಿಯನ್ನು ತಿಂಗಳುಗಟ್ಟಲೆ ಕೊಡದೆ ಹಿಡಿದಿಟ್ಟದ್ದು, ಕಾಯಿಲೆ ಬಿದ್ದ ದಿನಗಳಿಗೆ ಹಣ ಕಡಿದದ್ದು, ಹೊಡೆತ ಬಡಿತ. ಮಾರಿಷಸ್ಸಿನಲ್ಲಂತೂ ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಎರಡು ದಿನದ ಕೂಲಿ ಕಡಿಯುವ ನಿಯಮವೇ ಇತ್ತು. ತಿಂಗಳಿಗೆ ಹತ್ತು ದಿನ ಜ್ವರದಲ್ಲಿ ಮಲಗಿದವನಿಗೆ ಏನು ಉಳಿಯುತ್ತಿತ್ತೆಂದು ಓದುಗರೇ ಲೆಕ್ಕ ಹಾಕಬಹುದು. ಮರಳಿದವರ ದೂರಿನಿಂದಾಗಿ ಭಾರತ ಸರ್ಕಾರ ನೆಟಾಲಿಗೆ ಜನರನ್ನು ಕಳುಹಿಸಲು ನಿರಾಕರಿಸಿತು. 1872ರಲ್ಲಿ ಅಲ್ಲಿ ವಿಚಾರಣಾ ಆಯೋಗ ಕುಳಿತಿತು. ವಲಸಿಗರ ಹಿತ ಕಾಯಲು 'ಪ್ರೊಟೆಕ್ಟರ್' ಎಂಬ ಅಧಿಕಾರಿಯನ್ನು ನೇಮಿಸಿದ ಮೇಲಷ್ಟೇ 1874ರಲ್ಲಿ ಹಡಗುಗಳು ಮತ್ತೆ ಹೊರಟವು. ಮದರಾಸಿನ ಬಂದರಿನಲ್ಲಿ ಹರಿದ ಬಟ್ಟೆಯಲ್ಲಿ ನಿಂತು ಬಾಯಿಬಿಟ್ಟು ಮಾತಾಡಿದ ಆ ಕೂಲಿಗಳ ಹೆಸರು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ನನ್ನ ದೃಷ್ಟಿಯಲ್ಲಿ ಇದೊಂದು ದೊಡ್ಡ ಕೊರತೆ.

ನೆಟಾಲಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1895ರಲ್ಲಿ ಅಲ್ಲಿನ ಸರ್ಕಾರ ಒಂದು ಕಾನೂನು ಮಾಡಿತು. ಕರಾರು ಮುಗಿದ ಮೇಲೆ ಊರಿಗೆ ಮರಳದೆ, ಹೊಸ ಕರಾರಿಗೂ ಸಹಿ ಹಾಕದೆ ಅಲ್ಲೇ ಸ್ವತಂತ್ರವಾಗಿ ಉಳಿಯುವವರು ವರ್ಷಕ್ಕೆ ಮೂರು ಪೌಂಡ್ ತೆರಿಗೆ ಕೊಡಬೇಕು. ಮೊದಲು ಸೂಚಿಸಿದ್ದು ಇಪ್ಪತ್ತೈದು ಪೌಂಡ್. ವೈಸ್‌ರಾಯ್ ಎಲ್ಗಿನ್ ಅದನ್ನು ಮೂರಕ್ಕೆ ಇಳಿಸಿ ಒಪ್ಪಿಗೆ ಕೊಟ್ಟರು. ಮೂರು ಪೌಂಡೆಂದರೆ ಅರವತ್ತು ಷಿಲ್ಲಿಂಗ್, ಮೊದಲ ವರ್ಷದ ಕೂಲಿಯ ಲೆಕ್ಕದಲ್ಲಿ ಆರು ತಿಂಗಳ ಸಂಬಳ. ಮುಂದೆ ಈ ತೆರಿಗೆಯನ್ನು ಹದಿನಾರು ದಾಟಿದ ಗಂಡುಮಕ್ಕಳಿಗೂ ಹದಿಮೂರು ದಾಟಿದ ಹೆಣ್ಣುಮಕ್ಕಳಿಗೂ ವಿಸ್ತರಿಸಿದರು. ಗಂಡ, ಹೆಂಡತಿ, ಪ್ರಾಯಕ್ಕೆ ಬಂದ ಇಬ್ಬರು ಮಕ್ಕಳಿದ್ದ ಮನೆಗೆ ವರ್ಷಕ್ಕೆ ಹನ್ನೆರಡು ಪೌಂಡ್. ತಿಂಗಳಿಗೆ ಹದಿನಾಲ್ಕು ಷಿಲ್ಲಿಂಗ್ ದುಡಿಯುವವನ ಇಡೀ ವರ್ಷದ ಸಂಪಾದನೆ ಎಂಟು ಪೌಂಡ್ ಎಂಟು ಷಿಲ್ಲಿಂಗ್! ಕೂಲಿಯ ದರ ಒಂದು ಪೆನ್ನಿಯೂ ಇಳಿದಿರಲಿಲ್ಲ. ಆದರೂ ಸಂಸಾರದೊಡನೆ ಬದುಕುವುದು ಅಸಾಧ್ಯವಾಯಿತು. ಮರಳಿ ಕರಾರಿಗೆ ಸಹಿ ಹಾಕಿಸುವುದೇ ಈ ತೆರಿಗೆಯ ಉದ್ದೇಶವಾಗಿತ್ತು. 1913ರಲ್ಲಿ ಗಾಂಧೀಜಿಯವರ ನೇತೃತ್ವದಲ್ಲಿ ಗಣಿ ಮತ್ತು ತೋಟಗಳ ಕಾರ್ಮಿಕರು ಕೆಲಸ ನಿಲ್ಲಿಸಿ ಹೊರಟದ್ದು ಮುಖ್ಯವಾಗಿ ಈ ಮೂರು ಪೌಂಡಿನ ವಿರುದ್ಧ. 1914ರಲ್ಲಿ ಅದು ರದ್ದಾಯಿತು.

ಈ ತೆರಿಗೆಗೆ ನಾಲ್ಕು ವರ್ಷ ಮೊದಲು, 1891ರಲ್ಲಿ, ಪೋಪ್ ಹದಿಮೂರನೆಯ ಲಿಯೋ ಅವರು 'ರೇರುಂ ನೊವಾರುಂ' ಎಂಬ ವಿಶ್ವಪತ್ರವನ್ನು ಹೊರಡಿಸಿದ್ದರು. ಯಜಮಾನ ಮತ್ತು ಕೆಲಸಗಾರ ಇಬ್ಬರೂ ಒಪ್ಪಿದ ಮಾತ್ರಕ್ಕೆ ಸಂಬಳ ನ್ಯಾಯವಾಗುವುದಿಲ್ಲ, ಮಿತವಾಗಿ ಬಾಳುವ ಕೆಲಸಗಾರನ ಜೀವನಕ್ಕೆ ಅದು ಸಾಲುವಂತಿರಬೇಕು ಎಂಬುದು ಅದರ ವಾದ. ಸಂಬಳವನ್ನು ಜೀವನವೆಚ್ಚದಿಂದ ಬೇರ್ಪಡಿಸಿ ನೋಡಬಾರದೆಂಬ ಮಾತನ್ನು ಧರ್ಮಸಭೆ ಅಂದೇ ಆಡಿತ್ತು. ಡರ್ಬನ್ನಿನ ಕಬ್ಬಿನ ತೋಟದ ಮಾಲೀಕರು ಅದನ್ನು ಓದಿದಂತೆ ಕಾಣುವುದಿಲ್ಲ.

ರೂಪಾಯಿಯ ಕಥೆಯೂ ಇಲ್ಲಿ ಸೇರಿಕೊಂಡಿದೆ. 1860ರಲ್ಲಿ ಐದು ರೂಪಾಯಿಗೆ ಸಮನಾಗಿದ್ದ ಹತ್ತು ಷಿಲ್ಲಿಂಗ್, ಬೆಳ್ಳಿಯ ಬೆಲೆ ಕುಸಿದು 1898ರ ಹೊತ್ತಿಗೆ ಏಳೂವರೆ ರೂಪಾಯಿಗೆ ಸಮನಾಯಿತು. ಕೂಲಿ ಏರಲಿಲ್ಲ, ರೂಪಾಯಿ ಇಳಿಯಿತು, ಅಷ್ಟೆ. ಕೊಲ್ಲಿ ದೇಶಗಳಲ್ಲಿ ಇದು ಇನ್ನೂ ವಿಚಿತ್ರವಾಗಿ ನಡೆಯಿತು. ಕುವೈತ್, ಬಹರೇನ್, ಕತಾರ್, ದುಬೈಗಳಲ್ಲಿ ಹಿಂದೆ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿಯೇ. 1959ರಿಂದ ಅವುಗಳಿಗಾಗಿಯೇ ಪ್ರತ್ಯೇಕ ನೋಟು ಮುದ್ರಣವಾಯಿತು. ಆಗ ಅಲ್ಲಿ ನೂರು ರೂಪಾಯಿ ದುಡಿದವನು ಊರಿಗೂ ನೂರನ್ನೇ ಕಳುಹಿಸಬೇಕಿತ್ತು. ಕುವೈತ್ 1961ರಲ್ಲಿ, ಬಹರೇನ್ 1965ರಲ್ಲಿ ಸ್ವಂತ ದಿನಾರ್ ತಂದವು. 1966ರ ಜೂನ್ 6ರಂದು ಭಾರತ ರೂಪಾಯಿಯನ್ನು ಅಪಮೌಲ್ಯಗೊಳಿಸಿ, 4.76ರಲ್ಲಿದ್ದ ಡಾಲರನ್ನು 7.50ಕ್ಕೆ ಏರಿಸಿದಾಗ ಉಳಿದವೂ ರೂಪಾಯಿಯ ಕೈಬಿಟ್ಟವು. 1973ರ ನಂತರ ತೈಲದ ಬೆಲೆ ಏರಿ ಕರಾವಳಿಯ ಯುವಕರು ಬೊಂಬಾಯಿಯ ಮೂಲಕ ಸಾಲುಸಾಲಾಗಿ ಹೊರಟ ಕಾಲಕ್ಕೆ 'ಅಲ್ಲಿನ ಒಂದು, ಇಲ್ಲಿನ ಹಲವು' ಎಂಬ ಗುಣಾಕಾರದ ಮೋಹ ಬೇರೂರಿತ್ತು.

ಆ ಗುಣಾಕಾರ ಈಗಲೂ ನಡೆಯುತ್ತಿದೆ. ಸೌದಿ ರಿಯಾಲ್ 1986ರಿಂದ ಡಾಲರಿಗೆ 3.75ರಂತೆ ಕಟ್ಟಲ್ಪಟ್ಟಿದೆ. ಆದ್ದರಿಂದ 1,500 ರಿಯಾಲಿನ ಸಂಬಳ 2008ರಲ್ಲಿ ಸುಮಾರು ಹದಿನೇಳು ಸಾವಿರ ರೂಪಾಯಿ, 2025ರಲ್ಲಿ ಸುಮಾರು ಮೂವತ್ತನಾಲ್ಕು ಸಾವಿರ. ಮನೆಯವರಿಗೆ ಸಂಬಳ ಇಮ್ಮಡಿಯಾದಂತೆ ಕಾಣುತ್ತದೆ. ರಿಯಾದಿನಲ್ಲಿರುವ ಮಗನಿಗೆ ಮಾತ್ರ ಅದೇ 1,500. ಅಲ್ಲಿ 2018ರಲ್ಲಿ ಶೇಕಡಾ 5ರ ಮೌಲ್ಯವರ್ಧಿತ ತೆರಿಗೆ ಬಂತು. 2020ರ ಜುಲೈಯಲ್ಲಿ ಅದು ಶೇಕಡಾ 15 ಆಯಿತು. ಇತ್ತ ದೇವನಹಳ್ಳಿ ಸುತ್ತಮುತ್ತ ನಿವೇಶನದ ಬೆಲೆ ಎಲ್ಲಿಗೆ ಹೋಗಿದೆಯೆಂದು ನಾನು ಹೇಳಬೇಕಾಗಿಲ್ಲ. ಹದಿನೇಳು ಸಾವಿರದ ಕಾಲದಲ್ಲಿ ಕೊಳ್ಳಬಹುದಾಗಿದ್ದ ಮೂವತ್ತು-ನಲವತ್ತು ಅಡಿಯ ಜಾಗ ಮೂವತ್ತನಾಲ್ಕು ಸಾವಿರದ ಕಾಲದಲ್ಲಿ ಕೈಗೆಟಕುತ್ತಿಲ್ಲ.

ಮೂರು ಪೌಂಡಿನ ತೆರಿಗೆ ಸತ್ತಿತೆಂದು ಯಾರಾದರೂ ಭಾವಿಸಿದ್ದರೆ, ಸೌದಿಯಲ್ಲಿ 2017ರ ಜುಲೈಯಲ್ಲಿ ಅದರ ತಮ್ಮ ಹುಟ್ಟಿದ. ಹೊರದೇಶದ ಕೆಲಸಗಾರ ತನ್ನೊಡನೆ ಇರಿಸಿಕೊಂಡ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ. ಪ್ರತಿ ವರ್ಷ ನೂರು ನೂರು ಏರಿ 2020ರ ಜುಲೈಗೆ 400. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದವನು ತಿಂಗಳಿಗೆ 1,200 ರಿಯಾಲ್ ಕಟ್ಟಬೇಕಾಯಿತು. ಇಕ್ಕಟ್ಟಿಗೆ ಸಿಕ್ಕ ಎಷ್ಟೋ ಮಂದಿ ಸಂಸಾರವನ್ನು ಊರಿಗೆ ಕಳುಹಿಸಿ, ತಾವು ಬೆಡ್‌ಸ್ಪೇಸಿಗೆ, ಅಂದರೆ ಹಲವರು ಹಂಚಿಕೊಂಡ ಕೋಣೆಯ ಒಂದು ಮಂಚಕ್ಕೆ, ಸ್ಥಳ ಬದಲಾಯಿಸಿದರು. ನೆಟಾಲಿನ ಕಾನೂನು 1895ರ ನಂತರ ಬಂದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಇದು ಅಲ್ಲಿ ಮೊದಲೇ ನೆಲೆಸಿದ್ದವರನ್ನೂ ಹಿಡಿಯಿತು.

ಒಳ್ಳೆಯ ಮಾದರಿಯೂ ಉಂಟು. ಕತಾರ್ 2021ರ ಮಾರ್ಚ್‌ನಿಂದ ಜಾರಿಗೆ ತಂದ ಕನಿಷ್ಠ ವೇತನದಲ್ಲಿ ಮೂಲ ಸಂಬಳ 1,000 ರಿಯಾಲ್; ಕಂಪನಿ ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಬೇರೆ. ಮೊತ್ತ ದೊಡ್ಡದೇನಲ್ಲ. ಆದರೆ ಸೂರು, ಅನ್ನ, ಸಂಬಳ ಮೂರನ್ನೂ ಬೇರೆಬೇರೆ ಸಾಲಿನಲ್ಲಿ ಬರೆದದ್ದು ಮೆಚ್ಚತಕ್ಕದ್ದು. ಕೆಲಸದ ಪತ್ರ ಯಾವ ದೇಶದ್ದಾದರೂ ಇದೇ ಮೂರು ಸಾಲುಗಳನ್ನು ಹಾಕಿಕೊಂಡು ಓದಬಹುದು. ಜರ್ಮನಿಗೆ ಹೊರಡುವ ನಮ್ಮ ದಾದಿಯರು ನಾಲ್ಕನೆಯ ಸಾಲನ್ನೂ ಸೇರಿಸಬೇಕು: ಅಲ್ಲಿ ಪತ್ರದಲ್ಲಿರುವ ಸಂಬಳದ ಸುಮಾರು ಮೂರನೆಯ ಒಂದು ಭಾಗ ತೆರಿಗೆಗೂ ವಿಮೆಗೂ ಹೋದ ಮೇಲೆಯೇ ಉಳಿದದ್ದು ಕೈಗೆ ಬರುತ್ತದೆ.

ಇನ್ನು ತಕ್ಕಡಿಯ ಈ ಕಡೆಯ ತಟ್ಟೆ. ಚನ್ನರಾಯಪಟ್ಟಣದಂತಹ ಊರಿನಲ್ಲಿ ಬಾಡಿಗೆಯಿಲ್ಲದ ಸ್ವಂತ ಮನೆ, ವರ್ಷಕ್ಕಾಗುವ ರಾಗಿ, ಡೈರಿಗೆ ಹಾಕುವ ಹಾಲು ಇವು ಯಾವ ಸಂಬಳದ ಚೀಟಿಯಲ್ಲೂ ಬರುವುದಿಲ್ಲ. ಇಪ್ಪತ್ತು ಸಾವಿರ ದುಡಿಯುವ ಇಲ್ಲಿನ ಹುಡುಗ ಬೆಂಗಳೂರಿನಲ್ಲಿ ಬಾಡಿಗೆಗಿರುವ ಅದೇ ಇಪ್ಪತ್ತು ಸಾವಿರದ ಹುಡುಗನಿಗಿಂತ ಅನುಕೂಲಸ್ಥ. ಹೊರದೇಶದ ಸಂಬಳವನ್ನು ಹೋಲಿಸಬೇಕಾದದ್ದು ಈ ಒಟ್ಟು ಮೊತ್ತದೊಡನೆ. ಹೋಗುವುದಕ್ಕಾಗಿ ಹೊಲ ಮಾರುವ ಅಥವಾ ಅಡವಿಡುವ ಮಾತು ಬಂದರಂತೂ ಆ ಹೊಲದ ಆದಾಯ, ಸಾಲದ ಬಡ್ಡಿ ಎರಡನ್ನೂ ಸಂಬಳದಿಂದ ಕಳೆಯಬೇಕು. ನೋಂದಾಯಿತ ಏಜೆಂಟರು ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲವೆಂಬುದು ಸರ್ಕಾರದ ನಿಯಮ. ಲಕ್ಷಗಳಲ್ಲಿ ಕೇಳುವವನು ನಿಯಮದ ಹೊರಗಿದ್ದಾನೆಂದೇ ಅರ್ಥ.

ನೆಟಾಲಿನ ಕಥೆಯಲ್ಲಿ ಬಂದ ಆ 'ಪ್ರೊಟೆಕ್ಟರ್' ಎಂಬ ಪದ 1983ರ ನಮ್ಮ ವಲಸೆ ಕಾಯ್ದೆಯಲ್ಲೂ ಇದೆ. ಹತ್ತನೆಯ ತರಗತಿ ದಾಟದವರು ಕೊಲ್ಲಿ ರಾಷ್ಟ್ರಗಳೂ ಸೇರಿದ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಆ ಅಧಿಕಾರಿಯ ಅನುಮತಿ ಬೇಕು. ಅವರ ಒಪ್ಪಂದವನ್ನು ಅಲ್ಲಿ ಪರಿಶೀಲಿಸುತ್ತಾರೆ. ಹತ್ತನೆಯ ತರಗತಿ ತೇರ್ಗಡೆಯಾದವರಿಗೆ, ದಾದಿಯರಂತಹ ಕೆಲವರನ್ನು ಬಿಟ್ಟರೆ, ಈ ಪರಿಶೀಲನೆ ಇಲ್ಲ. ನಮ್ಮ ಧರ್ಮಕೇಂದ್ರಗಳಿಂದ ಹೊರಡುವ ಬಹುಪಾಲು ಯುವಜನರು ಈ ಎರಡನೆಯ ಗುಂಪಿನವರು. ಅವರ ಒಪ್ಪಂದವನ್ನು ಓದುವ ಕೆಲಸ ಮನೆಯವರದೇ. ಓದುವಾಗ ಒಟ್ಟು ಸಂಬಳದಲ್ಲಿ ಮೂಲ ವೇತನ ಎಷ್ಟೆಂಬುದನ್ನು ಮೊದಲು ನೋಡಿ. ಯುಎಇಯಲ್ಲಿ ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಯಿಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ. ಭತ್ಯೆಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. 3,000 ದಿರ್ಹಮಿನ ಪತ್ರದಲ್ಲಿ ಮೂಲ ವೇತನ 1,200 ಎಂದಷ್ಟೇ ಇದ್ದರೆ ಐದು ವರ್ಷ ದುಡಿದು ಬಂದವನ ಕೈಗೆ ಸಿಗುವುದು 1,200ರ ಲೆಕ್ಕದ ಹಣ.