ನಡುಗುವ ಗೇಮ್ ರಿಮೋಟ್‌ಗೆ ರೇಡಿಯೋ ಅಂಗಡಿಯ ಮದ್ದು

ಹಳೆಯ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿದ್ದುದು ನಮ್ಮ ಕಡೆಯ ಹಿರಿಯರಿಗೆ ಗೊತ್ತು. ಹಳೆಯ ವಿಡಿಯೋ ಗೇಮ್ ರಿಮೋಟ್ ಹಿಡಿದರೆ ಪರದೆಯ ಮೇಲಿನ ಆಟಗಾರ ಸುಮ್ಮಸುಮ್ಮನೆ ನಡುಗುವುದು ಆಮೇಲಿನವರಿಗೆ ಗೊತ್ತು. ಇವೆರಡೂ ಒಂದೇ ಕಾಯಿಲೆ. ಅದಕ್ಕೇ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಂಥ ಊರುಗಳ ರೇಡಿಯೋ ಮೆಕ್ಯಾನಿಕ್‌ಗೆ ಗೇಮ್ ಆಡಲು ಬಾರದಿದ್ದರೂ ಅದರ ರಿಪೇರಿ ಬರುತ್ತಿತ್ತು.

ಕಾಯಿಲೆ ಹುಟ್ಟಿದ್ದು ಎಲ್ಲಿ?

1977ರಲ್ಲಿ ಅಮೆರಿಕದ ಅಟಾರಿ ಕಂಪನಿ ಟಿವಿಗೆ ಜೋಡಿಸುವ ಗೇಮ್ ಪೆಟ್ಟಿಗೆಯೊಂದನ್ನು ತಂದಿತು. ಅದರ ಜೊತೆ ಎರಡು ಬಗೆಯ ಹಿಡಿಕೆಗಳಿದ್ದವು. ಒಂದು ಜಾಯ್‌ಸ್ಟಿಕ್, ಅದರೊಳಗೆ ಬರೀ ಸ್ವಿಚ್‌ಗಳು. ಇನ್ನೊಂದು ಪ್ಯಾಡಲ್, ಅದಕ್ಕೆ ತಿರುಗಿಸುವ ಗುಂಡಿ. ಈ ಗುಂಡಿಯ ಕೆಳಗಿದ್ದದ್ದು ರೇಡಿಯೋದ ವಾಲ್ಯೂಮ್ ಕಂಟ್ರೋಲ್ ಜಾತಿಯದೇ ಭಾಗ. ಒಂದು ಕಪ್ಪು ಇಂಗಾಲದ ಪಟ್ಟಿ, ಅದರ ಮೇಲೆ ಜಾರುವ ಲೋಹದ ನಾಲಿಗೆ. ನಾಲಿಗೆ ಎಲ್ಲಿದೆ ಎಂಬುದರ ಮೇಲೆ ಹರಿಯುವ ವಿದ್ಯುತ್ ಹೆಚ್ಚು ಕಡಿಮೆ ಆಗುತ್ತದೆ. ಅದನ್ನು ಅಳೆದು ಪೆಟ್ಟಿಗೆ ಆಟಗಾರನನ್ನು ಸರಿಸುತ್ತದೆ. ನಡುವೆ ಧೂಳು ಸೇರಿದರೆ ಸಂಪರ್ಕ ಕ್ಷಣಕ್ಷಣಕ್ಕೂ ತಪ್ಪುತ್ತದೆ. ರೇಡಿಯೋದಲ್ಲಿ ಅದು ಕಿವಿಗೆ ಕೇಳುತ್ತದೆ, ಗೇಮ್‌ನಲ್ಲಿ ಕಣ್ಣಿಗೆ ಕಾಣುತ್ತದೆ.

ಜಪಾನಿನ ನಿಂಟೆಂಡೊ 1983ರ ಜುಲೈ 15ರಂದು ಫ್ಯಾಮಿಕಾಮ್ ಬಿಡುಗಡೆ ಮಾಡಿತು. ಅದರ ರಿಮೋಟ್‌ನಲ್ಲಿ ತಿರುಗಿಸುವ ಗುಂಡಿ ಇರಲಿಲ್ಲ. ಕಂಪನಿಯ ಗನ್‌ಪೇ ಯೊಕೋಯಿ 1982ರಲ್ಲಿ ಕೈಯಲ್ಲಿ ಹಿಡಿಯುವ ಗೇಮ್ ಒಂದಕ್ಕೆ ರೂಪಿಸಿದ್ದ ಪ್ಲಸ್ ಆಕಾರದ ಬಟನ್ ಇತ್ತು. ಕೆಳಗೆ ರಬ್ಬರ್, ಅದರ ತುದಿಗೆ ಕಪ್ಪು ಬಿಲ್ಲೆ. ಒತ್ತಿದಾಗ ಬಿಲ್ಲೆ ಬೋರ್ಡ್‌ಗೆ ತಾಗುತ್ತದೆ, ಅಷ್ಟೇ. ಟಿವಿ ರಿಮೋಟ್ ಬಿಚ್ಚಿ ನೋಡಿದವರಿಗೆ ಇದು ಹೊಸದಲ್ಲ.

ನಮ್ಮೂರಿಗೆ ಬಂದದ್ದು ನಕಲು

1990ರ ದಶಕದಲ್ಲಿ ಭಾರತದ ಮನೆಗಳಿಗೆ ಹೆಚ್ಚಾಗಿ ಬಂದದ್ದು ಈ ಫ್ಯಾಮಿಕಾಮ್‌ನ ನಕಲುಗಳು. ಸಮುರಾಯ್, ಮೀಡಿಯಾ ಮುಂತಾದ ಹೆಸರುಗಳಲ್ಲಿ ಮಾರಾಟವಾದವು. ಹೆಸರೇ ಇಲ್ಲದವೂ ಬಂದವು. ಜನ ಅದನ್ನು ಟಿವಿ ಗೇಮ್ ಅಂದರು. ಮಾರಿಯೋ, ಕಾಂಟ್ರಾ ಇದ್ದ ಡಬ್ಬಿಗೆ ಕ್ಯಾಸೆಟ್ ಅಂದರು. ಕೈಯಲ್ಲಿ ಹಿಡಿಯುವುದು ರಿಮೋಟ್ ಆಯಿತು.

ನಕಲು ಮಾಲಿಗೆ ಸರ್ವಿಸ್ ಸೆಂಟರ್ ಎಲ್ಲಿಂದ ಬರಬೇಕು? ಬಿಡಿಭಾಗವಿಲ್ಲ, ಸರ್ಕ್ಯೂಟ್ ನಕ್ಷೆಯೂ ಇಲ್ಲ. ಧೂಳಿಗೆ ಮಾತ್ರ ಬರವಿಲ್ಲ. ಸಿರುಗುಪ್ಪದಲ್ಲಿ ಭತ್ತದ ರಾಶಿ, ರೈಸ್ ಮಿಲ್ಲಿನ ಧೂಳು. ಬಳ್ಳಾರಿಯಲ್ಲಿ ಅದಿರು ಲಾರಿಗಳ ಕೆಂಪು ಧೂಳು. ಕುರುಗೋಡಿನಲ್ಲಿ ಬಂಡೆಗುಡ್ಡದ ಬಿಸಿಲು, ಗಾಳಿ. ಹಾಗಾಗಿ ಕೆಟ್ಟ ರಿಮೋಟ್‌ಗೆ ಇದ್ದ ಆಸ್ಪತ್ರೆ ರೇಡಿಯೋ-ಟಿವಿ ರಿಪೇರಿ ಅಂಗಡಿಯೊಂದೇ.

ಅಲ್ಲಿನ ಮದ್ದು ಇಂದಿಗೂ ನಡೆಯುತ್ತದೆ. ಮೊದಲು ವೈರ್ ಅಲ್ಲಾಡಿಸಿ ನೋಡಿ. ಆಗ ಮಾತ್ರ ತೊಂದರೆ ಕಂಡರೆ ರಿಮೋಟ್‌ನ ಕುತ್ತಿಗೆಯ ಹತ್ತಿರ ಎಳೆ ತುಂಡಾಗಿರುತ್ತದೆ. ಅಷ್ಟು ಕತ್ತರಿಸಿ ಮತ್ತೆ ಬೆಸುಗೆ ಹಾಕಿದರೆ ಸಾಕು. ಬಟನ್ ಕೆಲಸ ಮಾಡದಿದ್ದರೆ ಸ್ಕ್ರೂ ಬಿಚ್ಚಿ, ರಬ್ಬರನ್ನು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬೋರ್ಡನ್ನು ಮೊಬೈಲ್ ಅಂಗಡಿಯವರು ಬಳಸುವ ಐಪಿಎ ದ್ರವದಲ್ಲಿ ಹತ್ತಿ ಅದ್ದಿ ಒರೆಸಿ. ಅದು ಬೇಗ ಬೆಂಕಿ ಹಿಡಿಯುತ್ತದೆ, ಒಲೆ ಹತ್ತಿರ ಬೇಡ. ಉಪ್ಪುಕಾಗದದಿಂದ ಉಜ್ಜಬೇಡಿ, ಕಪ್ಪು ಪದರವೇ ಕಿತ್ತು ಹೋಗುತ್ತದೆ. ಬಿಲ್ಲೆ ಸವೆದಿದ್ದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಕತ್ತರಿಸಿ ಅಂಟಿಸುವ ಉಪಾಯವೂ ಇದೆ. ತಿರುಗುವ ಗುಂಡಿ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಈ ತುದಿಯಿಂದ ಆ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಿ. ಪಟ್ಟಿಯೇ ಸವೆದಿದ್ದರೆ ಬೇರೆ ಹಾಕಬೇಕು.

ಮತ್ತೆ ಮರಳಿ ಬಂತು

1997ರಲ್ಲಿ ಸೋನಿ ಪ್ಲೇಸ್ಟೇಷನ್ನಿನ ಡ್ಯುಯಲ್‌ಶಾಕ್ ರಿಮೋಟ್ ಎರಡು ಹೆಬ್ಬೆರಳ ಕಡ್ಡಿಗಳ ಜೊತೆ ಬಂತು. ಅವುಗಳ ಬುಡದಲ್ಲಿ ಮತ್ತೆ ಅದೇ ಇಂಗಾಲದ ಪಟ್ಟಿ. 1998ರಲ್ಲಿ ಸೆಗಾ ತನ್ನ ಡ್ರೀಮ್‌ಕಾಸ್ಟ್ ಕಡ್ಡಿಗೆ ಅಯಸ್ಕಾಂತ ಬಳಸಿತು. ಅಲ್ಲಿ ಒಂದಕ್ಕೊಂದು ಉಜ್ಜುವುದೇ ಇಲ್ಲ, ಆದ್ದರಿಂದ ಪಟ್ಟಿ ಸವೆಯುವ ಮಾತೂ ಇಲ್ಲ. ಮದ್ದು ಗೊತ್ತಿದ್ದರೂ ಬಹುತೇಕ ಕಂಪನಿಗಳು ಹಳೆಯ ದಾರಿಯಲ್ಲೇ ಹೋದವು. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್‌ನ ಕಡ್ಡಿಗಳು ಮುಟ್ಟದೆಯೇ ಸರಿಯತೊಡಗಿದವು. 2019ರಲ್ಲಿ ಅಮೆರಿಕದ ಗ್ರಾಹಕರು ಕೋರ್ಟಿಗೆ ಹೋದರು. 2020ರಲ್ಲಿ ಕಂಪನಿಯ ಅಧ್ಯಕ್ಷರು ಕ್ಷಮೆ ಕೇಳಿದರು.

ಅಂದರೆ ಧೂಳು ಒಂದೇ ಕಾರಣವಲ್ಲ. ಸವೆಯುವಂತೆ ಮಾಡಿ, ಬಿಚ್ಚಲು ಬಾರದಂತೆ ಮುಚ್ಚುವುದೂ ಕಾರಣ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಮೊದಲಿಗೆ ಅದು ಆರಿಸಿಕೊಂಡದ್ದು ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ. ಸಿರುಗುಪ್ಪದ ಟ್ರ್ಯಾಕ್ಟರ್ ಮಾಲೀಕರಿಗೂ ಗೇಮ್ ಆಡುವ ಹುಡುಗರಿಗೂ ಇಲ್ಲಿ ಪ್ರಶ್ನೆ ಒಂದೇ. ನಾವು ದುಡ್ಡು ಕೊಟ್ಟು ಕೊಂಡದ್ದನ್ನು ನಮ್ಮೂರಲ್ಲೇ ಬಿಚ್ಚಿ ಸರಿಮಾಡಿಸಿಕೊಳ್ಳಬಹುದೇ?

ಕಾನೂನು ಬಂದರೂ ಕೈ ಬೇಕಲ್ಲ. ಬೆಸುಗೆ ಕಡ್ಡಿ ಹಿಡಿದು ಕಲಿತ ರೇಡಿಯೋ ಮೆಕ್ಯಾನಿಕ್‌ಗಳಿಗೆ ಈಗ ವಯಸ್ಸಾಗಿದೆ. ಅಟ್ಟದ ಮೇಲಿನ ಟಿವಿ ಗೇಮನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಅವರ ಹತ್ತಿರ ಒಯ್ಯಿರಿ. ಜೊತೆಗೆ ಮನೆಯ ಹುಡುಗನನ್ನೋ ಹುಡುಗಿಯನ್ನೋ ಕರೆದುಕೊಂಡು ಹೋಗಿ, ಪಕ್ಕದಲ್ಲಿ ನಿಲ್ಲಿಸಿ ನೋಡಲು ಬಿಡಿ.